ಈ ರೂಬಿಯನ್ನು ಕರೆದುಕೊಂಡು ಬಂದವರು ಯಾರು?

ನನ್ನ ಡೆಬಿಯನ್ 12 (ಲಿನಕ್ಸ್‌ನ ಒಂದು ಬಗೆ) ಲ್ಯಾಪ್‌ಟಾಪಿನಲ್ಲಿ ನಾನು ಕೋಡ್ ಬರೆಯುವುದು ಪೈಥಾನಿನಲ್ಲಿ ಮಾತ್ರ. ಆದರೂ ಒಳಗೆ ರೂಬಿ ಅನ್ನುವ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ ಬಂದು ಕೂತಿತ್ತು. ಇಂಥದ್ದು ಕಣ್ಣಿಗೆ ಬಿದ್ದರೆ ತಕ್ಷಣ ಕಿತ್ತುಹಾಕಲು ಹೋಗಬೇಡಿ, ಯಾರ ಬೆನ್ನಿಗೆ ಬಿದ್ದು ಬಂತು ಅಂತ ಮೊದಲು ನೋಡಿ.

ಪ್ಯಾಕೇಜು (ಅಂದರೆ ಸಾಫ್ಟ್‌ವೇರ್ ಕಟ್ಟು) ನಿರ್ವಹಿಸುವ ಆಪ್ಟಿಟ್ಯೂಡ್ ಇನ್‌ಸ್ಟಾಲ್ ಮಾಡಿಕೊಂಡು, ಟರ್ಮಿನಲ್‌ನಲ್ಲಿ ‘ಆಪ್ಟಿಟ್ಯೂಡ್ ವೈ ರೂಬಿ’ ಅಂತ ಕೊಡಿ. ನನಗೆ ಬಂದ ಸರಪಳಿ ಇದು: ವಿಮ್-ಜಿಟಿಕೆ3ಗೆ (ವಿಮ್ ಅನ್ನುವ ಟೆಕ್ಸ್ಟ್ ಎಡಿಟರಿನ ಕಿಟಕಿಯಿರುವ ರೂಪ) ಲಿಬ್‌ರೂಬಿ ಎಂಬ ರೂಬಿ ಲೈಬ್ರರಿ ಬೇಕು, ಲಿಬ್‌ರೂಬಿಗೆ ರೇಕ್ ಎಂಬ ರೂಬಿ ಸಾಧನ ಬೇಕು, ರೇಕ್‌ಗೆ ರೂಬಿ ಬೇಕು. ಸಾಲಿನ ಮೊದಲಿಗೆ ‘ಐ’ ಪಕ್ಕ ‘ಎ’ ಇದ್ದರೆ ಆ ಪ್ಯಾಕೇಜು ನೀವು ಹಾಕಿದ್ದಲ್ಲ, ತಾನಾಗಿ ಬಂದದ್ದು. ವಿಮ್-ಜಿಟಿಕೆ3ರ ಮುಂದೆ ‘ಎ’ ಇರಲಿಲ್ಲ. ಅಂದರೆ ಅದನ್ನು ಹಾಕಿದವನು ನಾನೇ. ಆ ಪ್ಯಾಕೇಜಿನಲ್ಲಿ ರೂಬಿ, ಲುವಾ, ಟಿಸಿಎಲ್ ಎಲ್ಲದರಲ್ಲೂ ಪ್ಲಗಿನ್ ಬರೆಯುವ ಸೌಕರ್ಯ ಸೇರಿರುತ್ತದೆ. ಟರ್ಮಿನಲ್‌ನಲ್ಲಷ್ಟೇ ಓಡುವ ವಿಮ್-ನಾಕ್ಸ್‌ದೂ ಇದೇ ಕಥೆ.

ಬರೀ ‘ವಿಮ್’ ಪ್ಯಾಕೇಜು ಸಾಕಾದರೆ ಮೊದಲು ಅದನ್ನು ಹಾಕಿ, ಆಮೇಲೆ ವಿಮ್-ಜಿಟಿಕೆ3 ತೆಗೆಯಿರಿ, ಕೊನೆಗೆ ಯಾರಿಗೂ ಬೇಡವಾದ ಪ್ಯಾಕೇಜುಗಳನ್ನು ತೆಗೆಯುವ ‘ಆಪ್ಟ್ ಆಟೊರಿಮೂವ್’ (ಆಪ್ಟ್ ಡೆಬಿಯನ್‌ನದೇ ಪ್ಯಾಕೇಜು ಸಾಧನ). ಕಾಪಿ-ಪೇಸ್ಟಿಗೆ ಡೆಸ್ಕ್‌ಟಾಪಿನ ಕ್ಲಿಪ್‌ಬೋರ್ಡ್ ಇದರಲ್ಲಿ ಸಿಗುವುದಿಲ್ಲ; ಅದು ಬೇಕೇ ಬೇಕು ಅನ್ನುವವರು ರೂಬಿಯನ್ನು ಇರಗೊಡಿ. ತೆಗೆದರೂ ಉಳಿಯುವ ಜಾಗ ಅಷ್ಟೇನಿಲ್ಲ, ಅಪ್‌ಡೇಟಿನ ಗಲಾಟೆ ಕಡಿಮೆಯಾಗುತ್ತದೆ ಅಷ್ಟೆ.

ಯಾವುದನ್ನೇ ತೆಗೆಯುವ ಮುಂಚೆ ‘ಆಪ್ಟ್-ಗೆಟ್ ರಿಮೂವ್’ಗೆ ‘ಡ್ಯಾಶ್ ಎಸ್’ ಸೇರಿಸಿ ಓಡಿಸಿ. ನಿಜವಾಗಿ ಏನನ್ನೂ ಅಳಿಸದೆ ಏನೇನು ಹೋಗುತ್ತದೆ ಅಂತ ಪಟ್ಟಿ ಕೊಡುತ್ತದೆ. ಆ ಪಟ್ಟಿಯಲ್ಲಿ ಡೆಸ್ಕ್‌ಟಾಪಿನ ಹೆಸರುಗಳು ಕಂಡರೆ ಅಲ್ಲಿಗೇ ನಿಲ್ಲಿಸಿ.

ಪರ್ಲ್ ಅನ್ನುವ ಭಾಷೆಯ ತಂಟೆಗೆ ಹೋಗಲೇಬೇಡಿ. ಪರ್ಲ್-ಬೇಸ್‌ಗೆ ‘ಎಸೆನ್ಷಿಯಲ್’ ಅನ್ನುವ ಮುದ್ರೆಯೇ ಇದೆ, ಪ್ಯಾಕೇಜು ಹಾಕುವಾಗ ಪ್ರಶ್ನೆ ಕೇಳುವ ಡೆಬ್‌ಕಾನ್ಫ್ ಬರೆದಿರುವುದು ಪರ್ಲ್‌ನಲ್ಲಿ. ಉಬುಂಟುವಿನಲ್ಲಿ ಪೈಥಾನ್3 ಕೂಡ ಹಾಗೆಯೇ: ತಾನಾಗಿ ಸೆಕ್ಯೂರಿಟಿ ಅಪ್‌ಡೇಟ್ ಹಾಕುವ ಪ್ರೋಗ್ರಾಮೇ ಪೈಥಾನಿನದು. ಬೇರೆ ಆವೃತ್ತಿ ಬೇಕಿದ್ದರೆ ಅದನ್ನು ಪ್ರತ್ಯೇಕವಾಗಿ ಹಾಕಿಕೊಡುವ ಪೈಎನ್ವ್ ಇದೆ, ಸಿಸ್ಟಮ್ಮಿನದನ್ನು ಮುಟ್ಟುವ ಅಗತ್ಯವಿಲ್ಲ. ಆದರೆ ಪೈಎನ್ವ್, ರೂಬಿಗೆ ಅದೇ ಕೆಲಸ ಮಾಡುವ ಆರ್‌ಬಿಎನ್ವ್ ಹಾಕಿದ್ದು ಹೋಮ್ ಫೋಲ್ಡರಿನಲ್ಲಿ ಕೂರುವುದರಿಂದ ಆಪ್ಟ್‌ಗೆ ಅದರ ಸುಳಿವೇ ಇರುವುದಿಲ್ಲ. ‘ಟೈಪ್ ಡ್ಯಾಶ್ ಎ ಪೈಥಾನ್3’ ಅಂದರೆ ಎಲ್ಲೆಲ್ಲಿವೆ ಅಂತ ತೋರಿಸುತ್ತದೆ.

ಹಳೇ ಡೆಬಿಯನ್‌ನಿಂದ ಅಪ್‌ಗ್ರೇಡ್ ಮಾಡುತ್ತಾ ಬಂದವರ ಹತ್ತಿರ ಪೈಥಾನ್ 2.7 ಇನ್ನೂ ಉಳಿದಿರಬಹುದು. 2020ರ ಜನವರಿ 1ಕ್ಕೇ ಅದರ ಬೆಂಬಲ ಮುಗಿದಿದೆ. ನಿಮ್ಮ ಸ್ವಂತ ಸ್ಕ್ರಿಪ್ಟುಗಳ ಮೊದಲ ಸಾಲಿನಲ್ಲಿ ಪೈಥಾನ್2 ಹೆಸರು ಇದೆಯೇ ನೋಡಿಕೊಂಡು, ಇಲ್ಲದಿದ್ದರೆ ಧಾರಾಳವಾಗಿ ತೆಗೆಯಿರಿ.