ಜಡೆ ಕೋಲಾಟಕ್ಕೆ ಜನ ವಾಪಸ್ ಬಂದಿದ್ದು ಹೀಗೆ

ಮೇಲಿಂದ ಇಳಿಬಿಟ್ಟ ಹುರಿಗಳನ್ನು ಒಂದು ಕೈಲಿ ಹಿಡಿದು, ಇನ್ನೊಂದು ಕೈಲಿ ಕೋಲು ಹೊಡೆಯುತ್ತಾ, ಸುತ್ತಿ ಕುಣಿದು ಹುರಿಗಳನ್ನು ಜಡೆಯ ಹಾಗೆ ಹೆಣೆಯುವುದೇ ಜಡೆ ಕೋಲಾಟ. ಅದನ್ನು ಆಡಿಸುವವರಿಗೆಲ್ಲ ಈ ಕಷ್ಟ ಗೊತ್ತು. 12 ಹುರಿ ಇಳಿಬಿಟ್ಟು ಕಾಯುತ್ತಾ ಕೂತರೆ ಬರುವುದು 9 ಜನ. ಬೆಸ ಆದರೆ ಜೋಡಿ ಕೂಡಲ್ಲ, ಜೋಡಿ ಕೂಡದೆ ಜಡೆ ಹೆಣೆಯೋಕಾಗಲ್ಲ. ಬಂದವರು ಸುಮ್ನೆ ಕೂತು ಮಾತಾಡಿ ಮನೆಗೆ ಹೋಗುತ್ತಾರೆ. ಮುಂದಿನ ವಾರ ಅವರಲ್ಲೂ ಇಬ್ಬರು ಕಡಿಮೆ. ನಮ್ಮ ಮೇಳ ಹೀಗೇ ಸವೆದು ಐದಾರು ಜನಕ್ಕೆ ಬಂದು ನಿಂತಿತ್ತು. ಈಗ ವಾರಕ್ಕೆ ಎರಡು ಸಂಜೆ 20ರ ಹತ್ತಿರ ಜನ ಸೇರುತ್ತಾರೆ. ಕೆಲವು ದಿನ ಹುರಿಯೇ ಸಾಲುವುದಿಲ್ಲ. ಆಗಲ್ಲ ಅಂದವರು ಬಹಳ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಸುರಿದು ನೋಡಿದೆವು. ಪೇಟ, ಪಂಚೆ, ಸೊಂಟಪಟ್ಟಿ, ಗೆಜ್ಜೆ ಅಂತ 18,000ದಷ್ಟು ಹೋಯಿತು. ಹೊಸ ಬಟ್ಟೆ ಹಂಚಿದ ದಿನ ಎಲ್ಲರೂ ಬಂದರು, ಅಭ್ಯಾಸಕ್ಕೆ ಮತ್ತೆ ಅದೇ ಹಳಬರು. ಆಮೇಲೆ ಗಾಡಿ ಮಾಡಿಕೊಂಡು ಹುಡುಗರನ್ನು ರಾಮನಗರದ ಹತ್ತಿರದ ಜಾನಪದ ಲೋಕಕ್ಕೆ ಕರೆದುಕೊಂಡು ಹೋದೆವು. ಎಚ್.ಎಲ್. ನಾಗೇಗೌಡರು ಕಟ್ಟಿದ ಆ ಜಾಗ ನೋಡಿದರೆ ಯಾರಿಗಾದರೂ ಹುಮ್ಮಸ್ಸು ಬರುತ್ತದೆ, ನಮ್ಮ ಹುಡುಗರಿಗೂ ಬಂತು. ಆದರೆ ಎರಡು ವಾರಕ್ಕಿಂತ ಜಾಸ್ತಿ ಉಳಿಯಲಿಲ್ಲ. ಬಾಡಿಗೆ, ಊಟ ಸೇರಿ 7,000 ಮುಗಿಯಿತು.

ತೊಂದರೆ ಇದ್ದದ್ದು ದುಡ್ಡು ಹಂಚುವ ರೀತಿಯಲ್ಲಿ. ಊರಹಬ್ಬ, ಗಣೇಶನ ಕಾರ್ಯಕ್ರಮ ಅಂದರೆ 12,000 ಆಸುಪಾಸು ಸಿಗುತ್ತದೆ. ಅದನ್ನು ಅವತ್ತು ಕುಣಿದವರಿಗೆ ಸಮ ಪಾಲು ಮಾಡುತ್ತಿದ್ದೆವು. ಹಾಗಾಗಿ ಕಾರ್ಯಕ್ರಮದ ಹಿಂದಿನ ಎರಡು ಸಂಜೆ ಮಾತ್ರ ಜಾತ್ರೆ. ವರ್ಷವಿಡೀ ಬಂದವನಿಗೂ ಕೊನೆಗೆ ಬಂದವನಿಗೂ ಒಂದೇ ಕೂಲಿ ಆದರೆ ಯಾರು ಬರುತ್ತಾರೆ, ಹೇಳಿ?

ಪಾಲನ್ನು ಅಭ್ಯಾಸಕ್ಕೆ ಕಟ್ಟಿದೆ. ಬಂದ ಪ್ರತಿ ಸಂಜೆಗೆ ಪುಸ್ತಕದಲ್ಲಿ ಒಂದು ಗೀಟು. ಟೆಂಪೊ ಬಾಡಿಗೆ ಸುಮಾರು 2,000, ಪದ ಹೇಳುವವರಿಗೆ 1,500 ಮೊದಲೇ ತೆಗೆದಿಡುತ್ತೇವೆ. ಉಳಿದದ್ದನ್ನು ಗೀಟಿನ ಲೆಕ್ಕದಲ್ಲಿ ಹಂಚುತ್ತೇವೆ. ಒಂದು ಗೀಟಿಗೆ 40–50 ರೂಪಾಯಿ ಬೀಳುತ್ತದೆ. ಎರಡು ತಿಂಗಳು ತಪ್ಪದೆ ಬಂದವನಿಗೆ ಏಳೆಂಟು ನೂರು, ಕೊನೆಗೆ ಬಂದು ಸೇರಿದವನಿಗೆ ನೂರೂ ಇಲ್ಲ. ಹಿರಿಯರೊಬ್ಬರು ಕೂಗಾಡಿದರು: “ದೇವರ ಮುಂದೆ ಕುಣಿಯೋಕೂ ಲೆಕ್ಕದ ಪುಸ್ತಕ ಏನಪ್ಪಾ?” ಮೊದಲ ಹಂಚಿಕೆಯಲ್ಲಿ ಎಲ್ಲರಿಗಿಂತ ಜಾಸ್ತಿ ಬಂದದ್ದು ಅವರಿಗೇ. ಈಗ ಪುಸ್ತಕ ಇರುವುದೂ ಅವರ ಹತ್ತಿರವೇ.

ಜನ ಬಂದರು ಸರಿ, ಹೊಸಬರನ್ನು ಉಳಿಸಿಕೊಳ್ಳಬೇಕಲ್ವಾ? ತಿಂಗಳುಗಟ್ಟಲೆ ನೋಡುತ್ತಾ ನಿಲ್ಲು ಅಂದರೆ ಯಾರೂ ನಿಲ್ಲುವುದಿಲ್ಲ. ಹಳೇ ಸೀರೆ ಹರಿದು ಎರಡೇ ಬಣ್ಣದ ಹುರಿ ಮಾಡಿದೆ. ಕೆಂಪು ಹಿಡಿದವರು ಬಲಕ್ಕೆ, ಹಳದಿಯವರು ಎಡಕ್ಕೆ. ಕೆಂಪಿನವರು ಎದುರು ಬಂದ ಮೊದಲನೆಯವರ ಒಳಗೆ, ಮುಂದಿನವರ ಹೊರಗೆ; ಹಳದಿಯವರು ಅದರ ಉಲ್ಟಾ. ಹೊಸಬರನ್ನು ಇಬ್ಬರು ಹಳಬರ ನಡುವೆ ಹಾಕುತ್ತೇನೆ. ಯಾರಾದರೂ ಸುತ್ತು ತಪ್ಪಿದರೆ ಜಡೆಯಲ್ಲಿ ಬಣ್ಣ ಕೆಟ್ಟು ತಕ್ಷಣ ಕಾಣುತ್ತದೆ, ಬೈಯುವ ಕೆಲಸವೇ ಇಲ್ಲ. ತಲೆ ಎತ್ತಿ ನೋಡಿ ಅವರೇ ಸರಿ ಮಾಡಿಕೊಳ್ಳುತ್ತಾರೆ. ಜನ ಬೆಸ ಆದ ದಿನ ಉಳಿದ ಒಬ್ಬರಿಗೆ ತಾಳ, ಗೀಟು ಅವರಿಗೂ ಉಂಟು.

ಮಧ್ಯೆ ಕೋಲಿನ ಮೇಲೂ ಪ್ರಯೋಗ ನಡೆಯಿತು. ಮಕ್ಕಳಿಗೆ ಹಗುರ ಇರಲಿ ಅಂತ ಪ್ಲಂಬಿಂಗ್ ಪೈಪು ಕತ್ತರಿಸಿ ಕೊಟ್ಟೆ. ಪಟ್ ಪಟ್ ಅನ್ನುವ ಸತ್ತ ಸದ್ದು, ಪೆಟ್ಟು ಕೇಳದೆ ಹೆಜ್ಜೆಯೇ ತಪ್ಪಿತು. ಬಿದಿರು ಚೆನ್ನಾಗಿ ಕೇಳಿಸುತ್ತದೆ, ಆದರೆ ತುದಿ ಸೀಳಿ ಅಂಗೈ ಗೀರಿತು. ಈಗ ಬಡಗಿಯವರ ಹತ್ತಿರ ಉಳಿದ ಗಟ್ಟಿ ಮರದ ತುಂಡಿನಲ್ಲಿ ತಿರುವಿಸುತ್ತೇವೆ, ಜೋಡಿಗೆ ನೂರರ ಒಳಗೆ. ಆ ಸದ್ದಿಗೇ ಅಭ್ಯಾಸವನ್ನು ಶಾಲೆ ಕೋಣೆಯಿಂದ ಗುಡಿಯ ಮುಂದಕ್ಕೆ ತಂದೆ. ಆಮೇಲೆ ಸೇರಿದವರಲ್ಲಿ ಅರ್ಧ ಜನ ಸದ್ದು ಕೇಳಿ ನೋಡೋಕೆ ಬಂದು ನಿಂತವರು.

ಜಡೆ ಬಿಚ್ಚುವಾಗ ಗಂಟು ಬಿದ್ದರೆ ನಾವು ಪದ ನಿಲ್ಲಿಸುವುದಿಲ್ಲ, ಕುಣಿಯುತ್ತಲೇ ಬಿಡಿಸುತ್ತೇವೆ. ಅದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ, ನಮ್ಮ ಮೇಳದ ಸ್ವಂತ ಪಟ್ಟು ಅದು. ಪಕ್ಕದೂರಿನ ಹೆಂಗಸರ ಮೇಳದವರು ಗೀಟಿನ ಪುಸ್ತಕ ನೋಡಿಕೊಂಡು ಹೋದರು, ಅವರಲ್ಲೂ ಈಗ 10 ಜೋಡಿ ಆಗಿದೆಯಂತೆ. ನೀವು ಶುರು ಮಾಡುವುದಾದರೆ ಪದ ಹೇಳುವವರ ದುಡ್ಡನ್ನು ಮಾತ್ರ ಗೀಟಿನ ಲೆಕ್ಕಕ್ಕೆ ತರಬೇಡಿ, ಮೊದಲೇ ಎತ್ತಿ ಅವರ ಕೈಗೆ ಕೊಟ್ಟುಬಿಡಿ.