ಮುಟ್ಟು ನಿಲ್ಲುವ ಕಾಲ: ಗೋಡೆಯ ಕ್ಯಾಲೆಂಡರಿನಲ್ಲಿ ಲೆಕ್ಕ ಇಡುವುದು ಹೇಗೆ?

ನಮ್ಮ ಅಡುಗೆಮನೆಗಳ ಕ್ಯಾಲೆಂಡರನ್ನು ಒಮ್ಮೆ ನೋಡಿ. ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ ಇರುತ್ತದೆ. ಹಾಲು ಬೇಡ ಅಂದ ದಿನ, ಕೆಲಸದವಳು ಬಾರದ ದಿನ, ಚೀಟಿ ದುಡ್ಡು ಕಟ್ಟಿದ ದಿನ, ಸಂಕಷ್ಟಿಗೊಂದು ಸುತ್ತು. ಆ ಮನೆಯ ಹೆಂಗಸು ಮುಟ್ಟಾದ ದಿನ ಮಾತ್ರ ಎಲ್ಲೂ ಇರುವುದಿಲ್ಲ. ಅದು ತಲೆಯಲ್ಲಿರುತ್ತದೆ. ನಲವತ್ತೈದರ ಹತ್ತಿರ ಬಂದಾಗ ತಲೆಯಲ್ಲೂ ಇರುವುದಿಲ್ಲ.

ಕಳೆದ ಐದಾರು ವರ್ಷದಲ್ಲಿ ಅಕ್ಕ, ಓರಗಿತ್ತಿ, ಪಕ್ಕದ ಮನೆಯವರು ಹೀಗೆ ನಾಲ್ಕೈದು ಜನರ ಜೊತೆ ಡಾಕ್ಟರ ಹತ್ತಿರ ಹೋಗಿದ್ದೇನೆ. ಎಲ್ಲರೂ ಒಂದೇ ಜಾಗದಲ್ಲಿ ಎಡವಿದರು. "ಏನು ತೊಂದರೆ?" "ತುಂಬಾ ಸುಸ್ತು ಡಾಕ್ಟ್ರೇ." "ಬ್ಲೀಡಿಂಗ್ ಹೇಗಿದೆ?" "ಜಾಸ್ತಿ." "ಎಷ್ಟು ಜಾಸ್ತಿ?" ಅಲ್ಲಿಗೆ ಮಾತು ನಿಂತಿತು. ಅಕ್ಕನಿಗೆ ಬಿ ಕಾಂಪ್ಲೆಕ್ಸ್ ಮಾತ್ರೆ ಸಿಕ್ಕಿತು. ಪಕ್ಕದ ಮನೆಯವರಿಗೆ ಗರ್ಭಕೋಶ ತೆಗೆಸಲು ಡೇಟ್ ಸಿಕ್ಕಿತು. ಇಬ್ಬರ ಕೈಯಲ್ಲೂ ಒಂದು ಅಂಕಿ ಇರಲಿಲ್ಲ.

ಆದ್ದರಿಂದ ಮೂರು ತಿಂಗಳ ಲೆಕ್ಕ ಬರೆಯಿರಿ. ಆದರೆ ಮೂವರು ಮಾತ್ರ ಮೂರು ತಿಂಗಳು ಕಾಯಬಾರದು. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದೇ ಒಂದು ಕಲೆ ಕಂಡರೂ ಆ ವಾರವೇ ಡಾಕ್ಟರ ಹತ್ತಿರ ಹೋಗಿ. "ಮತ್ತೆ ಮುಟ್ಟು ಬಂತು" ಎಂದು ಸುಮ್ನೆ ಕೂರಬೇಡಿ, ಅದು ಮುಟ್ಟಲ್ಲ. ಒಂದು ಗಂಟೆಗೆ ಒಂದು ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ, ಅದೂ ಎರಡು ಮೂರು ಗಂಟೆ ಹಾಗೇ ನಡೆದರೆ, ಅವತ್ತೇ ಹೋಗಿ. ನಲವತ್ತರ ಒಳಗೇ ಮುಟ್ಟು ನಿಲ್ಲುವ ಹಾಗೆ ಕಂಡರೂ ಕಾಯಬೇಡಿ.

ಹಂತ 1: ಎಲ್ಲಿ ಬರೆಯಬೇಕು

ಗೋಡೆಯ ಕ್ಯಾಲೆಂಡರಿನಲ್ಲೇ. ಮನೆಯವರು ನೋಡುತ್ತಾರೆ ಅಂತ ನಾಚಿಕೆಯಾದರೆ ಒಂದು ಚಿಕ್ಕ ಚುಕ್ಕೆ ಸಾಕು. ಮೊಬೈಲ್ ಆಪ್ ನನಗೆ ಇಷ್ಟವಿಲ್ಲ. ತಿಂಗಳು ತಿಂಗಳು ಸರಿಯಾಗಿ ಆಗುವವರಿಗೆ ಅದು ಸರಿ. ಈ ವಯಸ್ಸಿನಲ್ಲಿ ಇಪ್ಪತ್ತು ದಿನಕ್ಕೊಮ್ಮೆ, ಆಮೇಲೆ ಅರವತ್ತು ದಿನಕ್ಕೊಮ್ಮೆ ಆಗುವಾಗ ಅದು ಹೇಳುವ ಮುಂದಿನ ಡೇಟ್ ಬರೀ ಗಾಬರಿ ಹುಟ್ಟಿಸುತ್ತದೆ.

ಹಂತ 2: ರಕ್ತಸ್ರಾವದ ಲೆಕ್ಕ

ಎಲ್ಲರೂ ತಪ್ಪುವುದು ಇಲ್ಲೇ. ನಿಧಾನವಾಗಿ ಓದಿ.

ಮೊದಲ ದಿನ ಎಂದರೆ ರಕ್ತ ಕಂಡ ದಿನ. ನಮ್ಮಲ್ಲಿ ತುಂಬಾ ಜನರಿಗೆ ನೆನಪಿರುವುದು ತಲೆಗೆ ಸ್ನಾನ ಮಾಡಿದ ದಿನ. "ಲಾಸ್ಟ್ ಡೇಟ್ ಯಾವಾಗ?" ಎಂದರೆ ನನ್ನ ಓರಗಿತ್ತಿ ಸ್ನಾನದ ದಿನವನ್ನೇ ಹೇಳುತ್ತಿದ್ದಳು. ಹೋದ ತಿಂಗಳು ನಾಲ್ಕನೇ ದಿನಕ್ಕೆ, ಈ ತಿಂಗಳು ಒಂಬತ್ತನೇ ದಿನಕ್ಕೆ ಸ್ನಾನ ಮಾಡಿದ್ದರೆ ಅಲ್ಲೇ ಐದು ದಿನ ಹೆಚ್ಚು ಕಡಿಮೆಯಾಯಿತು. ಕೆಂಪು ಪೆನ್ನಿನಲ್ಲಿ ರಕ್ತ ಕಂಡ ಮೊದಲ ದಿನಕ್ಕೆ ಸುತ್ತು ಹಾಕಿ. ಆ ಸುತ್ತಿನಿಂದ ಮುಂದಿನ ಸುತ್ತಿನವರೆಗೆ ಎಣಿಸಿ. ಸ್ನಾನ ಯಾವತ್ತಾದರೂ ಮಾಡಿಕೊಳ್ಳಿ.

ಇನ್ನು "ಜಾಸ್ತಿ" ಎಂದರೆ ಎಷ್ಟು? ಪ್ರತಿ ದಿನದ ಚೌಕದಲ್ಲಿ ಪ್ಯಾಡಿನ ಸಂಖ್ಯೆ ಬರೆಯಿರಿ. ಬದಲಾಯಿಸಿದ್ದು ಎಷ್ಟು ಅಂತ ಅಲ್ಲ, ಪೂರ್ತಿ ನೆನೆದದ್ದು ಎಷ್ಟು ಅಂತ. ಕೆಲವರು ಶುದ್ಧಿಗೆ ಅಂತ ದಿನಕ್ಕೆ ಆರು ಬದಲಿಸುತ್ತಾರೆ, ಆರರಲ್ಲೂ ಎರಡು ಚುಕ್ಕೆ. ಇನ್ನು ಕೆಲವರು ದುಡ್ಡು ಉಳಿಸಲು ಒಂದನ್ನೇ ಬೆಳಗಿನಿಂದ ಸಂಜೆವರೆಗೆ ಎಳೆಯುತ್ತಾರೆ. ನಾನು ಹೀಗೆ ಮಾಡುತ್ತಿದ್ದೆ: ಪೂರ್ತಿ ನೆನೆದದ್ದಕ್ಕೆ ಒಂದು ಉದ್ದ ಗೀಟು, ಅರ್ಧ ನೆನೆದದ್ದಕ್ಕೆ ಗಿಡ್ಡ ಗೀಟು, ಕಲೆ ಮಾತ್ರ ಆಗಿದ್ದರೆ ಚುಕ್ಕೆ. ಬಟ್ಟೆ ಬಳಸುವವರೂ ಹೀಗೇ ಮಾಡಬಹುದು, ಆದರೆ ಮೂರು ತಿಂಗಳೂ ಒಂದೇ ಅಳತೆಯ ಬಟ್ಟೆ ಇರಲಿ. ಪ್ಯಾಡಿನ ಮೇಲೆ ಬಟ್ಟೆ ಇಟ್ಟುಕೊಂಡಿರಾ, ಬರೆಯಿರಿ. ರಾತ್ರಿ ಎದ್ದು ಬದಲಿಸಿದಿರಾ, "ರಾ" ಅಂತ ಬರೆಯಿರಿ. ಹಾಸಿಗೆಗೆ ತಗುಲಿತಾ, ಅದನ್ನೂ ಬರೆಯಿರಿ. ಏಳು ದಿನ ದಾಟಿದರೆ ಎಂಟನೇ ದಿನಕ್ಕೆ ಅಡಿಗೆರೆ ಎಳೆಯಿರಿ.

ಆಮೇಲೆ ಗಡ್ಡೆ. ಈ ಒಂದು ಪದ ನಮ್ಮ ಹೆಂಗಸರನ್ನು ಎಷ್ಟು ಗೋಳಾಡಿಸಿದೆಯೋ ಲೆಕ್ಕವಿಲ್ಲ. ಹೆಪ್ಪುಗಟ್ಟಿದ ರಕ್ತ ಹೋದರೂ ನಾವು "ಗಡ್ಡೆ ಹೋಗ್ತಿದೆ" ಅನ್ನುತ್ತೇವೆ. ಸ್ಕ್ಯಾನಿಂಗಿನಲ್ಲಿ ಫೈಬ್ರಾಯ್ಡ್ ಕಂಡರೂ "ಗಡ್ಡೆ ಇದೆಯಂತೆ". ಎರಡೂ ಬೇರೆ. ಮೊದಲನೆಯದು ರಕ್ತ ಹೆಚ್ಚು ಹೋಗುತ್ತಿರುವುದರ ಗುರುತು. ಎರಡನೆಯದು ಗರ್ಭಕೋಶದಲ್ಲಿ ಬೆಳೆದ ಸ್ನಾಯುವಿನ ಗಂಟು, ಹೆಚ್ಚಿನವು ಕ್ಯಾನ್ಸರ್ ಅಲ್ಲ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತವೆ. ಪಕ್ಕದ ಮನೆಯವರು "ಗಡ್ಡೆ ಬೀಳ್ತಿದೆ" ಎಂದದ್ದು ಫೋನಿನಲ್ಲಿ ಅವರ ನಾದಿನಿಯ ಕಿವಿಗೆ ಹೋಗುವ ಹೊತ್ತಿಗೆ ಕ್ಯಾನ್ಸರ್ ಆಗಿತ್ತು. ಕ್ಯಾಲೆಂಡರಿನಲ್ಲಿ "ಹೆಪ್ಪು" ಎಂದು ಬರೆಯಿರಿ. ಅಳತೆಗೆ ನಾಣ್ಯ ಇದೆಯಲ್ಲ: ಹತ್ತು ರೂಪಾಯಿ ನಾಣ್ಯದಷ್ಟು ಅಥವಾ ಅದಕ್ಕಿಂತ ದೊಡ್ಡದಿದ್ದರೆ "ಹೆಪ್ಪು 10" ಎಂದು ಹಾಕಿ. ಡಾಕ್ಟರಿಗೆ ತಕ್ಷಣ ಅರ್ಥವಾಗುತ್ತದೆ.

ಒಂದು ಗುಟ್ಟು ಎಲ್ಲರೂ ಬಚ್ಚಿಡುತ್ತಾರೆ. ಗೃಹಪ್ರವೇಶ, ಮದುವೆ, ತಿರುಪತಿ ಅಂತ ಮುಟ್ಟು ಮುಂದೂಡುವ ಮಾತ್ರೆ ನುಂಗಿರುತ್ತಾರೆ. ಅದೂ ಹಾರ್ಮೋನೇ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಸ್ರಾವ ಆಗುತ್ತದೆ. ಆ ತಿಂಗಳ ಲೆಕ್ಕವೇ ಬೇರೆ. ನುಂಗಿದ ದಿನಗಳಿಗೆಲ್ಲ "ಮಾ" ಎಂದು ಬರೆಯಿರಿ, ಡಾಕ್ಟರಿಗೂ ಹೇಳಿ. ಮೆಡಿಕಲ್ ಶಾಪಿನವನನ್ನು ಕೇಳಿ ತಂದು ನುಂಗುವ ಅಭ್ಯಾಸವನ್ನು ಈ ವಯಸ್ಸಿನಲ್ಲಾದರೂ ಬಿಡಿ.

ಮುಟ್ಟು ತಪ್ಪಿದರೆ? ನಗಬೇಡಿ, ಮೊದಲು ಮೂತ್ರದ ಪರೀಕ್ಷೆಯ ಕಿಟ್ ತಂದು ನೋಡಿ. ನಲವತ್ತೈದಕ್ಕೂ ಬಸಿರಾಗಬಹುದು.

ಹಂತ 3: ಝಳ

ಎದೆಯಿಂದ ಬಿಸಿ ಎದ್ದು, ಕುತ್ತಿಗೆ, ಮುಖ, ಕಿವಿಯವರೆಗೆ ಏರುತ್ತದೆ. ಬೆವರು ಕಿತ್ತುಕೊಂಡು ಬರುತ್ತದೆ. ಒಂದೆರಡು ನಿಮಿಷ, ಹೆಚ್ಚೆಂದರೆ ಐದು. ಆಮೇಲೆ ಚಳಿ. ಮೈಯ ಕಾವನ್ನು ನೋಡಿಕೊಳ್ಳುವ ಮೆದುಳಿನ ಭಾಗ ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನು ಇಳಿದಾಗ ಸ್ವಲ್ಪ ಬಿಸಿಗೂ ಹೌಹಾರುವುದರಿಂದ ಹೀಗೆ. ನಮ್ಮ ಮನೆಗಳಲ್ಲಿ ಇದಕ್ಕೆ "ಉಷ್ಣ ಆಗಿದೆ" ಎಂದು ಹೆಸರು, ಮದ್ದು ಎಳನೀರು. ಎಳನೀರು ಕುಡಿಯಿರಿ, ಒಳ್ಳೆಯದೇ. ಝಳ ಅದರಿಂದ ನಿಲ್ಲುವುದಿಲ್ಲ, ಅಷ್ಟೇ.

ಕ್ಯಾಲೆಂಡರಿನ ಚೌಕದ ಮೂಲೆಯಲ್ಲಿ ಒಂದು ಝಳಕ್ಕೆ ಒಂದು ಗೀಟು, ನಾಲ್ಕಾದ ಮೇಲೆ ಐದನೆಯದು ಅಡ್ಡ. ರಾತ್ರಿ ನೈಟಿ ಬದಲಿಸುವಷ್ಟು ಬೆವರಿದರೆ ಗೀಟಿಗೊಂದು ಸುತ್ತು. ಜೊತೆಗೆ ಸಂಜೆ ಜ್ವರ, ಕೆಮ್ಮು, ತೂಕ ಇಳಿಯುವುದು ಇದ್ದರೆ ಮುಟ್ಟಿನ ಮೇಲೆ ಹಾಕಬೇಡಿ, ಕ್ಷಯದ ಪರೀಕ್ಷೆ ಮಾಡಿಸಿ.

ಹಂತ 4: ಉಳಿದದ್ದು

ನಿದ್ದೆ, ಸಿಡುಕು, ಮರೆವು, ಕೀಲುನೋವು, ಎದೆ ಡವಡವ: ತಿಂಗಳ ಕೊನೆಗೆ ಕ್ಯಾಲೆಂಡರಿನ ಹಿಂದೆ ಎರಡು ಸಾಲು ಬರೆದರೆ ಸಾಕು.

ಈ ಹೊತ್ತಿಗೆ ವಾಟ್ಸಾಪಿನಲ್ಲಿ "ಹಾರ್ಮೋನ್ ಬ್ಯಾಲೆನ್ಸ್" ಪುಡಿ ಮಾರುವ ಯಾರೋ ಒಬ್ಬ ಪರಿಚಯದವರು ಖಂಡಿತ ಬರುತ್ತಾರೆ. ಬೇಡ. ಈವ್ನಿಂಗ್ ಪ್ರಿಮ್‌ರೋಸ್ ಕ್ಯಾಪ್ಸೂಲಿಗೆ ನಾನು ಆರು ತಿಂಗಳು ದುಡ್ಡು ಸುರಿದೆ. ಝಳಕ್ಕೆ ಅದು ಕೆಲಸ ಮಾಡುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಘಮಘಮ ಲಿಕ್ವಿಡ್ ವಾಶ್ ಅಂತೂ ಮೊದಲೇ ಒಣಗಿ ಉರಿಯುವ ಜಾಗಕ್ಕೆ ಖಾರ ಹಾಕಿದಂತೆ. ಅದೇ ದುಡ್ಡಿಗೆ ರಾಗಿ ತನ್ನಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಮೂಳೆಗೆ ಈಗ ಅದು ಬೇಕು.

ಹಂತ 5: ಡಾಕ್ಟರ ಮುಂದೆ

ಹೋಗುವ ಮೊದಲು ಒಂದು ಚೀಟಿಯಲ್ಲಿ ನಾಲ್ಕೇ ಸಾಲು. ವಯಸ್ಸು. ಕೊನೆಯ ಮುಟ್ಟಿನ ಮೊದಲ ದಿನ. ಮೂರು ತಿಂಗಳಲ್ಲಿ ಎಷ್ಟು ದಿನ, ಅತಿ ಹೆಚ್ಚು ಹೋದ ದಿನ ಎಷ್ಟು ಪ್ಯಾಡ್. ನಾಲ್ಕನೆಯದು, ಹೇಳಲು ನಾಚಿಕೆಯಾಗುವ ವಿಷಯ.

ಆ ನಾಲ್ಕನೆಯದನ್ನು ಮೊದಲು ಹೇಳಿ. ಕೆಮ್ಮಿದರೆ ಮೂತ್ರ ಜಿನುಗುವುದು, ಒಣಗಿ ಉರಿಯುವುದು, ಗಂಡನ ಜೊತೆ ಮಲಗಿದರೆ ನೋವು. ಅಕ್ಕ ಇದನ್ನು ಹೇಳಿದ್ದು ಯಾವಾಗ ಗೊತ್ತಾ? ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ, ನನ್ನ ಹತ್ತಿರ. ಒಳಗೆ ಡಾಕ್ಟರು ಮುಂದಿನವರನ್ನು ಕರೆದಾಗಿತ್ತು. ಬಾಯಲ್ಲಿ ಬರದಿದ್ದರೆ ಚೀಟಿಯನ್ನೇ ಕೈಗೆ ಕೊಡಿ. ಒಣಗಿ ಉರಿಯುವುದಕ್ಕೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ, ಎಷ್ಟೋ ಜನ ಅದು ಗೊತ್ತಿಲ್ಲದೇ ವರ್ಷಗಟ್ಟಲೆ ನರಳುತ್ತಾರೆ.

ಯಜಮಾನರನ್ನು ಹೊರಗೆ ಕೂರಿಸಿ. ಪ್ರೀತಿಯಿಂದಲೇ ಬಂದಿರುತ್ತಾರೆ, ಒಪ್ಪುತ್ತೇನೆ. ಆದರೆ ಒಳಗೆ ಕೂತರೆ ಉತ್ತರ ಅವರೇ ಕೊಡುತ್ತಾರೆ: "ಏನಿಲ್ಲ ಡಾಕ್ಟ್ರೇ, ಸ್ವಲ್ಪ ಟೆನ್ಷನ್ ಜಾಸ್ತಿ."

ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ನೋಡಿಸಬೇಕಾ ಅಂತ ನೀವೇ ಕೇಳಿ. ಸುಸ್ತು, ಎದೆಬಡಿತ ಎರಡಕ್ಕೂ ಇವೂ ಕಾರಣ ಇರಬಹುದು. ಹಿಮೋಗ್ಲೋಬಿನ್ ಹೆಂಗಸರಿಗೆ 12ಕ್ಕಿಂತ ಕೆಳಗಿದ್ದರೆ ರಕ್ತ ಕಡಿಮೆ ಅಂತ. ಅಕ್ಕನದು 7.8 ಇತ್ತು, ಅದು ಬಿ ಕಾಂಪ್ಲೆಕ್ಸಿಗೆ ಬಗ್ಗುವ ಸುಸ್ತಲ್ಲ. ಕಬ್ಬಿಣದ ಮಾತ್ರೆ ಕೊಟ್ಟರೆ ಕಾಫಿಯ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ.

ಝಳ ತಡೆಯಲಾಗದಿದ್ದರೆ ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಕೇಳಿ. 2002ರಲ್ಲಿ ಲಾಭಕ್ಕಿಂತ ತೊಂದರೆಯೇ ಹೆಚ್ಚು ಎಂದು ಅಮೆರಿಕದ ಒಂದು ದೊಡ್ಡ ಅಧ್ಯಯನ ಬಂದ ಮೇಲೆ ಎಲ್ಲರೂ ಈ ಚಿಕಿತ್ಸೆಗೆ ಹೆದರಿದರು. ಆದರೆ ಅರವತ್ತರ ಒಳಗಿನ, ಮುಟ್ಟು ನಿಂತು ಹತ್ತು ವರ್ಷವಾಗದ, ಬೇರೆ ಕಾಯಿಲೆ ಇಲ್ಲದವರಿಗೆ ಸಾಮಾನ್ಯವಾಗಿ ತೊಂದರೆಗಿಂತ ಲಾಭ ಹೆಚ್ಚು ಎಂಬುದು ಈಗಿನ ತಿಳಿವಳಿಕೆ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರಿಗೆ ಇದು ಆಗುವುದಿಲ್ಲ. ಇಂಥದ್ದೇನಾದರೂ ಇದ್ದರೆ ಮೊದಲೇ ಹೇಳಿ.

"ತೆಗೆಸಿಬಿಡಿ" ಅಂದರೆ

"ಹೇಗಿದ್ದರೂ ಮಕ್ಕಳಾಗಿವೆ, ಇನ್ಯಾಕೆ ಇಟ್ಕೋತೀರಿ?" ಈ ಮಾತು ಬಂದರೆ ಅಲ್ಲೇ ತಲೆಯಾಡಿಸಬೇಡಿ. ಗರ್ಭಕೋಶ ತೆಗೆಯಲೇಬೇಕಾದ ಸಂದರ್ಭಗಳು ಇವೆ. ಆದರೆ 2015ರ ಹೊತ್ತಿಗೆ ಕಲಬುರಗಿ ಜಿಲ್ಲೆಯಲ್ಲಿ ಬೆಳಕಿಗೆ ಬಂದದ್ದು ನೆನಪಿದೆಯಲ್ಲ? ತಾಂಡಾದ, ದಲಿತ ಕೇರಿಯ ಬಡ ಹೆಂಗಸರು ಹೊಟ್ಟೆನೋವು, ಬಿಳಿಸೆರಗು ಅಂತ ಹೋದರೆ ಗರ್ಭಕೋಶವನ್ನೇ ತೆಗೆದು ಕಳಿಸಿದ್ದರು. ಬೇಕಿಲ್ಲದ ಇಂಥ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ.

ಕೇಳಬೇಕಾದ್ದು ಇಷ್ಟು. ಯಾವ ಕಾರಣಕ್ಕೆ ತೆಗೆಯಬೇಕು, ಕ್ಯಾನ್ಸರ್ ಅನುಮಾನ ಇದ್ದರೆ ಪರೀಕ್ಷೆಗೆ ತುಣುಕು ತೆಗೆದು ನೋಡಿದ್ದೀರಾ? ರಕ್ತ ಕಡಿಮೆ ಮಾಡುವ ಮಾತ್ರೆ, ಗರ್ಭಕೋಶದೊಳಗೆ ಹಾಕುವ ಹಾರ್ಮೋನಿನ ವಂಕಿ ನನಗೆ ಆಗುತ್ತದಾ? ಅಂಡಾಶಯ ಉಳಿಸುತ್ತೀರಾ? ಈ ಕೊನೆಯದನ್ನು ಮರೆಯಲೇಬೇಡಿ. ಎರಡೂ ಅಂಡಾಶಯ ತೆಗೆದರೆ ನಿಧಾನವಾಗಿ ಬರಬೇಕಾದ ಝಳ, ಮೂಳೆ ಸವೆತ ಎಲ್ಲ ಒಟ್ಟಿಗೆ ಬಂದು ಕೂರುತ್ತವೆ. ಆಮೇಲೆ ರಿಪೋರ್ಟ್ ಹಿಡಿದು ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ. ಪಕ್ಕದ ಮನೆಯವರು ಡೇಟ್ ಮುಂದೂಡಿ, ಮೂರು ತಿಂಗಳ ಕ್ಯಾಲೆಂಡರ್ ಹಾಳೆ ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋದರು. ಎರಡನೇ ಡಾಕ್ಟರು ಅದನ್ನು ಮೇಜಿನ ಮೇಲೆ ಹರಡಿ, ಗೀಟು ಎಣಿಸಿ, ವಂಕಿ ಹಾಕಿದರು. ಮೊದಲ ಎರಡು ಮೂರು ತಿಂಗಳು ಅಲ್ಲಲ್ಲಿ ಕಲೆ ಕಂಡು ಅವರು ನನ್ನನ್ನು ಬೈದರು. ಆಮೇಲೆ ಬೈಯಲಿಲ್ಲ.

ಹಂತ 6: ಹಳೆ ಕ್ಯಾಲೆಂಡರ್

ಕೊನೆಯ ಮುಟ್ಟಿನಿಂದ ಪೂರ್ತಿ ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ಮಾತ್ರ ನಿಂತಿತು ಎಂದು ಲೆಕ್ಕ. ನಮ್ಮ ದೇಶದಲ್ಲಿ ಅದು ಸರಾಸರಿ 46-47ರ ಆಸುಪಾಸು. ಹತ್ತು ತಿಂಗಳಿಗೆ ಒಮ್ಮೆ ಬಂದರೆ ಮತ್ತೆ ಒಂದರಿಂದ ಎಣಿಸಬೇಕು. ಗರ್ಭನಿರೋಧಕವನ್ನು ಹನ್ನೆರಡು ತಿಂಗಳಾಯಿತೆಂದು ಎಲ್ಲರೂ ಬಿಡುವಂತಿಲ್ಲ: ಕೊನೆಯ ಮುಟ್ಟಿನಿಂದ ಎಣಿಸಿ, ಐವತ್ತಕ್ಕೆ ಮೊದಲೇ ನಿಂತಿದ್ದರೆ ಎರಡು ವರ್ಷ, ಐವತ್ತರ ಮೇಲೆ ನಿಂತಿದ್ದರೆ ಒಂದು ವರ್ಷ ಬೇಕು.

ಅದಕ್ಕೇ ಡಿಸೆಂಬರ್ ಮುಗಿಯಿತೆಂದು ಹಳೆ ಕ್ಯಾಲೆಂಡರನ್ನು ರದ್ದಿಗೆ ಹಾಕಬೇಡಿ, ಮೊಮ್ಮಕ್ಕಳ ಪುಸ್ತಕಕ್ಕೆ ಬೈಂಡೂ ಹಾಕಬೇಡಿ. ಅಕ್ಕ ತನ್ನದನ್ನು ಅಡುಗೆಮನೆಯ ಶೆಲ್ಫಿಗೆ ಹಾಸಿಬಿಟ್ಟಿದ್ದಳು. ಕೊನೆಯ ಸುತ್ತು ಯಾವತ್ತು ಹಾಕಿದ್ದು ಅಂತ ನೋಡಲು ಸಾಸಿವೆ, ಮೆಂತ್ಯ, ಉದ್ದಿನಬೇಳೆ ಡಬ್ಬಗಳನ್ನೆಲ್ಲ ಒಂದೊಂದಾಗಿ ಕೆಳಗಿಳಿಸಬೇಕಾಯಿತು. ಹುಣಸೆಹಣ್ಣಿನ ಜಾಡಿಯ ಕೆಳಗೆ ಸಿಕ್ಕಿತು: ಮಾರ್ಚ್ 9.