ಸಂಡೂರಿನ ತರಗೆಲೆಯಲ್ಲಿ ಎರಡು ಮಿಲಿಮೀಟರಿನ ಬೇಟೆಗಾರ ಇರುವೆ: ಗುರುತು ಹಿಡಿಯುವ ಬಗೆ

ಸ್ಟ್ರುಮಿಜೆನಿಸ್ ಕುಲದ ಇರುವೆಗಳನ್ನು ಸೂಕ್ಷ್ಮದರ್ಶಕದಡಿ ಗುರುತಿಸುವುದಕ್ಕಿಂತ, ಕೂದಲು ಉದುರದಂತೆ ಅಲ್ಲಿಯ ತನಕ ತರುವುದೇ ಕಷ್ಟ. ಎಷ್ಟೋ ಪ್ರಭೇದಗಳು ಬೇರೆಯಾಗುವುದೇ ತಲೆ, ಭುಜಗಳ ಮೇಲಿನ ನಾಲ್ಕಾರು ಕೂದಲಿನಿಂದ. ಸಂಡೂರು ಗುಡ್ಡಗಳಲ್ಲಿ ಅದಿರಿನ ಕೆಂಪು ಧೂಳಿನ ಕಾಟ ಬೇರೆ.

ಮೀಸಲು ಅರಣ್ಯವಾದರೆ ಅನುಮತಿ ಮೊದಲು. ಹೋಗುವುದು ಮುಂಗಾರು ಹಿಡಿದ ಮೇಲೆ. ಇವುಗಳ ಮುಖ್ಯ ಆಹಾರ ಸ್ಪ್ರಿಂಗ್‌ಟೇಲ್ ಎಂಬ ಪುಟ್ಟ ಜೀವಿ; ಅದು ತೇವ ಬಿಟ್ಟು ಬದುಕದು. ಹಾಗಾಗಿ ಹಳ್ಳದ ಅಂಚು, ಬಿದಿರು ಮೆಳೆಯ ಬುಡ, ಬಂಡೆಯ ಸಂದಿನಲ್ಲಿ ಎಲೆ ಕೊಳೆತು ಕಪ್ಪಾದ ಪದರವನ್ನೇ ಹುಡುಕುತ್ತೇನೆ.

1 ಚದರ ಮೀಟರ್ ಜಾಗದ ತರಗನ್ನು ಮಣ್ಣು ಕಾಣುವ ತನಕ ಬಾಚಿ, 1 ಸೆಂ.ಮೀ. ಕಣ್ಣಿನ ಜರಡಿ ಹಿಡಿದು, ಉದುರಿದ್ದನ್ನು ಬಟ್ಟೆಚೀಲಕ್ಕೆ ತುಂಬುತ್ತೇನೆ. ಅದನ್ನು 4 ಮಿ.ಮೀ. ಕಣ್ಣಿನ ಬಲೆಗೆ ಹಾಕಿ ವಿಂಕ್ಲರ್ ಚೀಲದೊಳಗೆ (ತಳದಲ್ಲಿ ಬಟ್ಟಲು ಕಟ್ಟಿದ ಬಟ್ಟೆಯ ಚೀಲ) ನೆರಳಲ್ಲಿ 48 ಗಂಟೆ ತೂಗುಹಾಕಿದರೆ ಇರುವೆಗಳು ತಾವಾಗಿ ಕೆಳಗಿನ ಆಲ್ಕೋಹಾಲ್ ಬಟ್ಟಲಿಗೆ ಬೀಳುತ್ತವೆ. ಬಲ್ಬಿನ ಶಾಖದ ಆಲಿಕೆ ನಮ್ಮ ಬಳ್ಳಾರಿ ಸೆಕೆಗೆ ಬೇಡ. ತರಗು ಬೇಗ ಒಣಗಿ, ಈ ನಿಧಾನದ ಇರುವೆಗಳು ಇಳಿಯುವ ಮೊದಲೇ ಸಾಯುತ್ತವೆ. ಬಿಳಿ ತಟ್ಟೆಯಲ್ಲಿ ಹರಡಿ ಹುಡುಕುವವರು ಐದು ನಿಮಿಷವಾದರೂ ಸುಮ್ಮನೆ ಕಾಯಬೇಕು: ಮುಟ್ಟಿದರೆ ಮುದುಡಿಕೊಂಡು ಮಣ್ಣಿನ ಕಾಳಿನಂತೆ ಬಿದ್ದಿರುತ್ತವೆ.

ಬಟ್ಟಲಲ್ಲಿ ಇರುವೆಗಿಂತ ಕೆಂಪು ಕೆಸರೇ ಹೆಚ್ಚು. ಆಲ್ಕೋಹಾಲ್ ಸೋಸಿ, ಅರ್ಧ ಲೀಟರ್ ನೀರಿಗೆ ಸುಮಾರು 180 ಗ್ರಾಂ ಉಪ್ಪು ಕರಗಿಸಿ ಅದರಲ್ಲಿ ಬಿಟ್ಟರೆ ಧೂಳು ತಳ ಸೇರುತ್ತದೆ, ಇರುವೆ ತೇಲುತ್ತದೆ. ಆಮೇಲೆ ಸಾದಾ ನೀರಲ್ಲಿ ಎರಡು ಸಲ ತೊಳೆಯಲೇಬೇಕು; ಇಲ್ಲದಿದ್ದರೆ 95% ಆಲ್ಕೋಹಾಲಿಗೆ ಹಾಕಿದೊಡನೆ ಉಪ್ಪು ಹರಳುಗಟ್ಟಿ ಕೂದಲಿಗೆ ಅಂಟುತ್ತದೆ.

ಕುಲದ ಗುರುತಿಗೆ ನಾನು ಮೊದಲು ನೋಡುವುದು ಸೊಂಟ. ಎರಡು ಗಂಟು, ಅವುಗಳ ಸುತ್ತ ಸ್ಪಂಜಿನಂಥ ಬಿಳಿಚು ಪದರ. ಧೂಳು ಕೂತರೆ ಇದು ಬರೀ ಕೊಳೆಯಂತೆ ಕಾಣುತ್ತದೆ, ಉಜ್ಜಬೇಡಿ. ತಲೆ ಹಿಂದೆ ಅಗಲ, ಮುಂದೆ ಚೂಪು, ಹಿಂಬದಿಯಲ್ಲಿ ಆಳದ ಕಚ್ಚು. ಕುಡಿಮೀಸೆಯಲ್ಲಿ ಸಾಮಾನ್ಯವಾಗಿ 4ರಿಂದ 6 ಭಾಗ, ತುದಿಯ ಎರಡು ದಪ್ಪ. ಅಷ್ಟೇ ಪುಟ್ಟ ಕರೆಬಾರಾ ಎಂಬ ಬೇರೆ ಕುಲದ ಇರುವೆ ಕೂಡ ಎರಡು ಭಾಗದ ದಪ್ಪ ತುದಿ ತೋರಿಸಿ ಯಾಮಾರಿಸುತ್ತದೆ, ಆದರೆ ಸ್ಪಂಜು ಇರುವುದಿಲ್ಲ. ಉದ್ದ ದವಡೆ ನೋಡಿ ಅನೋಕಿಟಸ್ ಎಂಬ ಇನ್ನೊಂದು ಇರುವೆ ಕುಲವನ್ನು ಇದಕ್ಕೆ ಸೇರಿಸುವವರಿದ್ದಾರೆ; ಅದರ ಸೊಂಟಕ್ಕೆ ಒಂದೇ ಗಂಟು.

ದವಡೆ ಎರಡು ಬಗೆ: ತುದಿಯಲ್ಲಿ ಕವಲೊಡೆದ ಉದ್ದನೆಯದು, ಸಾಲು ಹಲ್ಲಿನ ಗಿಡ್ಡದು. ಗಿಡ್ಡ ದವಡೆಯವು ಹಳೆಯ ಲೇಖನಗಳಲ್ಲಿ ಪಿರಮಿಕಾ ಎಂದೇ ಇರುತ್ತವೆ. 2007ರಲ್ಲಿ ಆ ಕುಲವನ್ನು ಸ್ಟ್ರುಮಿಜೆನಿಸ್‌ಗೆ ಸೇರಿಸಲಾಯಿತು. ಹುಡುಕುವಾಗ ಎರಡೂ ಹೆಸರು ಹಾಕಿ.

ಪ್ರಭೇದಕ್ಕೆ ಅಳತೆ ಬೇಕು. ದವಡೆಯ ಉದ್ದವನ್ನು ತಲೆಯ ಉದ್ದದಿಂದ ಭಾಗಿಸಿ 100ರಿಂದ ಗುಣಿಸಬೇಕು. ತಲೆಯ ಉದ್ದಕ್ಕೆ ದವಡೆ ಸೇರಿಸಬಾರದು. ತಲೆ 0.60, ದವಡೆ 0.30 ಮಿ.ಮೀ. ಇದ್ದರೆ 50. ತಲೆ ಸ್ವಲ್ಪ ಓರೆಯಾದರೂ ಉದ್ದ ಕಡಿಮೆ ಬಂದು ಲೆಕ್ಕ ಹಾಳು. ಕಾಗದದ ತ್ರಿಕೋನದ ತುದಿಗೆ ಸೂಜಿಮೊನೆಯಷ್ಟು ಅಂಟು ಹಚ್ಚಿ, ಅದನ್ನು ಇರುವೆಯ ಮಧ್ಯದ ಮತ್ತು ಹಿಂದಿನ ಕಾಲುಗಳ ಬುಡದ ನಡುವೆ ಕೂರಿಸುತ್ತೇನೆ. ಹೆಚ್ಚಾದರೆ ಸ್ಪಂಜು ಅಂಟು ಹೀರಿಕೊಳ್ಳುತ್ತದೆ. ಕೂದಲುಗಳನ್ನು ಮಾತ್ರ ಅಂಟಿಸುವ ಮೊದಲೇ, ಆಲ್ಕೋಹಾಲಿನಲ್ಲಿರುವಾಗಲೇ ಎಣಿಸಿ ಬರೆದಿಡುತ್ತೇನೆ, ಎಡ ಬಲ ಬೇರೆಬೇರೆಯಾಗಿ. ಒಂದು ಬದಿ ಉದುರಿದ್ದರೆ ಇನ್ನೊಂದು ಬದಿ ಹೇಳುತ್ತದೆ. ಚೀಟಿ ಬರೆಯಲು ಪೆನ್ಸಿಲ್ಲೇ ಇರಲಿ, ಬಾಲ್‌ಪೆನ್ ಶಾಯಿ ಆಲ್ಕೋಹಾಲಿಗೆ ಕರಗುತ್ತದೆ.